ಕಂಪ್ಯೂಟರಿಗೆ ಕಟ್ಟಿದ ನಿಂಬೆಹಣ್ಣು

ತಿಕೋಟಾ ಕಡೆಯ ರೈತರು ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ನನ್ನ ಕೆಲಸ. ಯಾರ ಬಾಕ್ಸು ಯಾವ ಕೋಣೆಯಲ್ಲಿದೆ ಎಂಬುದು ಕಂಪ್ಯೂಟರಿಗಷ್ಟೇ ಗೊತ್ತು. ಅದು ಅಪ್‌ಡೇಟ್ ಕೇಳಿದಾಗಲೆಲ್ಲ ನಮ್ಮ ಸಾವಕಾರರು, "ಚಲೋ ನಡದೈತಿ, ಕೈ ಹಚ್ಚಬ್ಯಾಡವಾ" ಎನ್ನುತ್ತಿದ್ದರು.

ಒಂದು ಮುಂಜಾನೆ ಅದು ನಿಂತು ನಿಂತು ನಡೆಯತೊಡಗಿತು. ಬಾಗಿಲಲ್ಲಿ ಬಬಲೇಶ್ವರದ ರೈತರೊಬ್ಬರು ಮಾಲು ಒಯ್ಯಲು ಟೆಂಪೋ ತಂದು ಕಾಯುತ್ತಿದ್ದರು. ವಿಜಯಪುರದಿಂದ ಸಾಫ್ಟ್‌ವೇರಿನವನು ಓಡಿ ಬಂದ.

"ಭಾಳ ಹಳೇ ವರ್ಶನ್ ಐತ್ರಿ. ಹಿಂಗ ಬಿಟ್ರ ಎಲ್ಲಾ ಅಳಿಸಿ ಹೊಕ್ಕೈತಿ. ಬ್ಯಾಕಪ್ ಐತೇನ್ರಿ?"

ಸಾವಕಾರರು ಮಾನಿಟರಿಗೆ ಕಟ್ಟಿದ್ದ ಅಮಾವಾಸ್ಯೆಯ ನಿಂಬೆಹಣ್ಣು ತೋರಿಸಿದರು. ಅವನು ನನ್ನ ಮುಖ ನೋಡಿದ.

"ಅದೊಂದ ಐತ್ರಿ" ಎಂದೆ.

"ಅಪ್‌ಡೇಟ್ ಮಾಡಾಕ ಹೋಗಿ ಕೆಟ್ರ?" ಎಂದರು ಸಾವಕಾರರು.

"ಲಸಿಕೆ ಸೂಜಿ ಮಾಡಿಸಿದ್ರ ನನ್ನ ಮಗಳಿಗೂ ಒಂದಿನ ಜ್ವರ ಬರ್ತಾವ್ರಿ ಸಾವಕಾರ್ರ. ಅದಕ್ಕಂತ ಸೂಜಿ ಬಿಡಸ್ಲೇನ್ರಿ?" ಎಂದೆ.

ಸಾವಕಾರರು ಸಾಫ್ಟ್‌ವೇರಿನವನಿಗೆ ಕುರ್ಚಿ ಬಿಟ್ಟುಕೊಟ್ಟರು. ಅವನು ಮೊದಲು ಎಲ್ಲವನ್ನೂ ಒಂದು ಡಿಸ್ಕಿಗೆ ನಕಲು ಮಾಡಿಕೊಂಡು, ಆಮೇಲೆ ಅಪ್‌ಡೇಟ್ ಹಾಕಿದ. ಬಬಲೇಶ್ವರದ ರೈತರ ಹೆಸರು ಹೊಡೆದದ್ದೇ ತಡ, ಅವರ ಬಾಕ್ಸುಗಳಿದ್ದ ಕೋಣೆ ಪಟ್ಟನೆ ಸಿಕ್ಕಿತು.

ಈಗ ಅಪ್‌ಡೇಟಿಗೆ ಸಾವಕಾರರು ಬೇಡ ಎನ್ನುವುದಿಲ್ಲ. ಅಮಾವಾಸ್ಯೆಗೆ ಮಾತ್ರ ಎರಡು ನಿಂಬೆಹಣ್ಣು ತರುತ್ತಾರೆ. ಒಂದು ಕಂಪ್ಯೂಟರಿಗೆ, ಇನ್ನೊಂದು ಬ್ಯಾಕಪ್ ಡಿಸ್ಕಿಗೆ.