ಫೋನು ಯಾರದು?

ಅವ್ವ ಶಹಾಪುರದ ನಮ್ಮ ಮನೆಯ ಪಡಸಾಲೆಯಲ್ಲೇ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದವಳು. ಹೊಲಿಗೆ ಒಂದು ಎಳೆಯಷ್ಟು ಸೊಟ್ಟಗಾದರೂ "ಬಿಚ್ಚು" ಎನ್ನುವ ಗಟ್ಟಿ ಜೀವ. ಹೋದ ವರ್ಷ ಅವಳ ಕೈ ನಡುಗಲು ಶುರುವಾಯಿತು. ಕ್ಲಾಸು ಮುಚ್ಚುವ ಮೊದಲು ಕಲಿತು ಹೋದವರನ್ನೆಲ್ಲ ಕರೆದು ಉಡಿ ತುಂಬಿಸಬೇಕು, ಸೆರಗಿಗೆ ಅಕ್ಕಿ, ಕೊಬ್ಬರಿ, ಕುಬಸದ ಖಣ ಹಾಕಿ ಕಳಿಸಬೇಕು ಎಂದು ಹಟ ಹಿಡಿದಳು.

"ಒಬ್ಬಾಕೀನೂ ಬಿಡಬಾರದು ನೋಡವಾ. ಕರೀಲಿಲ್ಲ ಅಂತ ಕುಂತಾಕಿ ಸಂಕಟ ನನಗ ಗೊತ್ತದ."

ಅದು ನನಗೂ ಗೊತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಓಣಿಯಲ್ಲಿ ಯಾರೂ ಅವಳನ್ನು ಉಡಿ ತುಂಬಲು ಕರೆದಿರಲಿಲ್ಲ. ಕರೆಯದವರ ಮನೆಯ ಕುಬಸಗಳನ್ನು ಮಾತ್ರ ಅವಳೇ ಹೊಲಿದು ಕೊಡುತ್ತಿದ್ದಳು. ಆಗ ಬರುತ್ತಿದ್ದ ಸಿಟ್ಟು ನನಗೆ ಈಗಲೂ ಬರುತ್ತದೆ. ಗಂಡನಿಲ್ಲದ ತನ್ನ ಕೈ ಸಲ್ಲದು, ತುಂಬುವ ಕೈ ಸೋದರತ್ತೆಯದೇ ಆಗಲಿ ಎಂದು ಅವ್ವ ತಾನಾಗಿಯೇ ಗೊತ್ತು ಮಾಡಿಬಿಟ್ಟಿದ್ದಳು.

ಹೆಸರು, ಊರು, ನಂಬರು ಬರೆದ ಹಾಳೆಗಳು ಟ್ರಂಕಿನಲ್ಲಿದ್ದವು. ನಾನು ಯಾದಗಿರಿಯಲ್ಲಿ ಕಂಪ್ಯೂಟರ್ ಆಪರೇಟರ್. ಹಾಳೆಗಳನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಲ್ಯಾಪ್‌ಟಾಪಿಗೆ ಹಾಕಿದರೆ ಬಂದದ್ದು ಶುದ್ಧ ಕಲಸುಮೇಲೋಗರ. ಮದುವೆಯಾದವರ ತವರೂರಿಗೆ ಗೀಟು ಹೊಡೆದು ಅವ್ವ ಮೇಲೆ ಗಂಡನೂರು ಬರೆದಿದ್ದಳು. ಯಂತ್ರ ಎರಡನ್ನೂ ಕೂಡಿಸಿ 'ಸುರಪುರಸೈದಾಪುರ' ಎಂಬ ಹೊಸ ಊರನ್ನೇ ಕಟ್ಟಿತ್ತು. ಹೆಸರು, ತವರೂರು, ಗಂಡನೂರು, ನಂಬರು ಎಂದು ಕಾಲಂ ಮಾಡಿ ಒಂದೊಂದನ್ನೇ ಎತ್ತಿ ಅದರ ಜಾಗದಲ್ಲಿ ಕೂರಿಸಿದೆ.

ಅವ್ವ ಪಕ್ಕದಲ್ಲಿ ಕೂತು ಇಣುಕಿದಳು. "ಫೋನು ಯಾರದು ಅಂತ ಇನ್ನೊಂದು ಕಾಲಂ ಹಾಕು."

"ಅದ್ಯಾಕಬೇ?"

"ಮಾವಂದಿದ್ರ ಎತ್ತಿದ ಕೂಡ್ಲೆ ಉಡಿ ಸುದ್ದಿ ತೆಗೀಬಾರದು, ಮೊದಲ ಮಳಿ ಬೆಳಿ ಕೇಳಬೇಕು. ಬಾಜೂಮನಿಯವರದಿದ್ರ ಅವರ್ನೂ ಕರೀಬೇಕು."

ನಗುತ್ತಲೇ ಹಾಕಿದೆ. ತುಂಬುತ್ತ ಹೋದಂತೆ ನಗು ನಿಂತಿತು. ಮಾವ, ಗಂಡ, ಮೈದುನ, ಕಿರಾಣಿ ಅಂಗಡಿ, ಮತ್ತೆ ಗಂಡ. 'ಸ್ವಂತದ್ದು' ಎಂದು ಬರೆಯುವ ಭಾಗ್ಯ ಅಪರೂಪಕ್ಕೆ ಸಿಗುತ್ತಿತ್ತು. ಸಿಕ್ಕಾಗ ಅವ್ವನ ಮುಖ ಅರಳುತ್ತಿತ್ತು. ಕೊನೆಗೆ ಆಫೀಸಿನ ರೂಢಿಯಂತೆ, ಎರಡೆರಡು ಸಲ ಬಂದ ನಂಬರುಗಳಲ್ಲಿ ಒಂದನ್ನು ಉಳಿಸಿ ಮಿಕ್ಕ ಸಾಲುಗಳನ್ನು ಒಂದೇ ಒತ್ತಿಗೆ ತೆಗೆದುಹಾಕಿದೆ. ಪಟ್ಟಿ ಚೊಕ್ಕವಾಯಿತು.

ಮರುದಿನ ಫೋನು ಮಾಡಲು ಕೂತೆವು. ಕಕ್ಕೇರಾದ ಮಾವನೊಬ್ಬರಿಗೆ ಅವ್ವ ತೊಗರಿಯ ಯೋಗಕ್ಷೇಮವೆಲ್ಲ ಕೇಳಿ, ಸೊಸೆಯ ಕೈಗೆ ಫೋನು ಕೊಡಿಸಿ ಕರೆದಳು. "ಬರ್ತೀನ್ರಿ ಅಕ್ಕೋರ" ಎಂದು ಹಿಗ್ಗಿದ ಆಕೆ ಯಾಕೋ ತಡೆದಳು. "ನಮ್ಮ ನೆಗೆಣ್ಣೀನೂ ನಿಮ್ಮ ಕಡೀನ ಕಲತಾಕಿ. ಆಕೀಗಿ ಹೇಳಂಗಿಲ್ಲೇನ್ರಿ? ಇಲ್ಲೇ ನಿಂತಾಳ."

ಒಂದೇ ಮನೆಯ ಇಬ್ಬರು ಸೊಸೆಯರಿಗೆ ಇದ್ದದ್ದು ಮಾವನ ಒಂದೇ ಫೋನು. ನಂಬರು ಒಂದೇ ಎಂದು ಹೆಸರು ನೋಡದೆ ಒಬ್ಬಳನ್ನು ಅಳಿಸಿದ್ದೆ.

"ಹೇಳ್ದ ಇರ್ತೀನೇನವಾ? ಕರೆಯೋದು ಇನ್ನೊಬ್ಬರ ಬಾಯಿಲೆ ಆಗಂಗಿಲ್ಲ. ಆಕಿ ಕೈಯಾಗ ಕೊಡು" ಎಂದಳು ಅವ್ವ. ಆ ಕಿರಿಯ ಸೊಸೆಗೆ ಎಲ್ಲವನ್ನೂ ಮೊದಲಿನಿಂದ ಹೇಳಿ ಕರೆದಳು.

ಆ ಕಡೆ ಮೂಗು ಒರೆಸಿಕೊಂಡ ಸದ್ದು. "ಎಲ್ಲಾರಿಗೂ ನೀವು ತುಂಬಿಸ್ತೀರಿ. ನಿಮಗ ಯಾರು ತುಂಬ್ತಾರ್ರಿ, ಅಕ್ಕೋರ?"

"ನಂದೇನದವಾ, ಮುಗದು ಹೋಗ್ಯಾದ. ನೀ ತಪ್ಪಸಬ್ಯಾಡ" ಎಂದು ಅವ್ವ ಫೋನಿಟ್ಟಳು. ನಾನು ಅಳಿಸಿದ್ದ ಸಾಲುಗಳನ್ನೆಲ್ಲ ವಾಪಸು ತಂದು, ಒಂದೊಂದು ಹೆಸರನ್ನೂ ಬೆರಳಿಟ್ಟು ಓದಿದೆ.

ಉಡಿ ತುಂಬುವ ದಿನ ಪಡಸಾಲೆ ತುಂಬಿ ಜನ ಅಂಗಳಕ್ಕೂ ಬಂದಿತ್ತು. ಸೋದರತ್ತೆ ಒಬ್ಬೊಬ್ಬರನ್ನೇ ಮಣೆಯ ಮೇಲೆ ಕೂರಿಸಿ ಉಡಿ ತುಂಬುತ್ತಿದ್ದಳು. ಅವ್ವ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಕಕ್ಕೇರಾದ ಕಿರಿಯ ಸೊಸೆ ತನ್ನ ಸರದಿ ಬಂದರೂ ಕೂರಲಿಲ್ಲ. ನೆಟ್ಟಗೆ ಹೋಗಿ ಅವ್ವನ ಕೈಹಿಡಿದು ತಂದು ಮಣೆಯ ಮೇಲೆ ಕೂರಿಸಿ, ಚೀಲದಿಂದ ಹಸಿರು ಕುಬಸವೊಂದನ್ನು ತೆಗೆದಳು.

"ನಾನ ಹೊಲದೀನ್ರಿ. ಸೊಟ್ಟಿದ್ರ ಬಿಚ್ಚು ಅನ್ರಿ, ಬಿಚ್ತೀನಿ. ಬ್ಯಾಡ ಮಾತ್ರ ಅನಬ್ಯಾಡ್ರಿ."

ನಾನು ಸೋದರತ್ತೆಯ ಮುಖವನ್ನೇ ನೋಡುತ್ತಿದ್ದೆ. ಅವಳು ಏನಾದರೂ ಅಂದರೆ ಜಗಳಕ್ಕೂ ತಯಾರಿದ್ದೆ. ಆದರೆ ಅವಳು ಅಕ್ಕಿಯ ತಟ್ಟೆಯನ್ನು ಹುಡುಗಿಯ ಕಡೆ ಸರಿಸಿದಳು. ನನಗೆ ಅಳು ತಡೆಯಲಾಗಲಿಲ್ಲ.

ಅವ್ವ ಕುಬಸವನ್ನು ತಿರುಗಿಸಿ ಒಳಗಿನ ಹೊಲಿಗೆ ನೋಡಿದಳು. "ನೆಟ್ಟಗ ಅದ" ಎಂದು ನಡುಗುವ ಕೈಗಳಿಂದ ಸೆರಗು ಒಡ್ಡಿದಳು.