ಸೀರೆಯ ಮೂಲೆಗೆ ಹಚ್ಚಿದ ಅರಿಷಿಣ

ನಮ್ಮ ಸುತ್ತಲಿನ ಎಲ್ಲರ ದನಿಯೂ ನನ್ನ ಗಂಟಲಲ್ಲಿದೆ. ಉಪ್ಪಲ್ ಮೆಟ್ರೋದಲ್ಲಿ ಬಾಗಿಲು ಎಡಕ್ಕೆ ತೆರೆಯುತ್ತದೆ ಎನ್ನುವ ಹೆಣ್ಣುದನಿ, ತೆಲುಗಿನಲ್ಲಿ ಮಾತು ಶುರುಮಾಡಿ ಹಿಂದಿಯಲ್ಲಿ ಸಿಟ್ಟಾಗುವ ಮನೆ ಮಾಲೀಕರು, ನಾಚಾರಂನ ಪೈಪ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದು ಊಟಕ್ಕೆ ಕೂತಾಗಲೂ ಪಾಳಿಯವರನ್ನು ಕೂಗಿದಂತೆ ರೊಟ್ಟಿ ಕೇಳುವ ಅಪ್ಪ, ಎಲ್ಲರೂ ಬರುತ್ತಾರೆ. ನನ್ನದೇ ದನಿ ಮಾಡು ಅಂದರೆ ಮಾತ್ರ ತಡವರಿಸುತ್ತೇನೆ. ಗೆಳೆಯರ ಪ್ರಕಾರ ಅದು ನನ್ನ ಅತ್ಯಂತ ಕಳಪೆ ಮಿಮಿಕ್ರಿ.

ಈ ಗಂಟಲನ್ನು ನಂಬಿ ಅವ್ವ ತನ್ನ ಆನ್‌ಲೈನ್ ಅಂಗಡಿಯ ಮಾತುಕತೆಯನ್ನೆಲ್ಲ ನನಗೆ ಬಿಟ್ಟಿದ್ದಳು. ಅಂಗಡಿ ಅಂದರೆ ಮಂಚದ ಕೆಳಗಿನ ಟ್ರಂಕು. ತವರಿಗೆ ಹೋದಾಗಲೆಲ್ಲ ಪರಿಚಯದ ನೇಕಾರರ ಮನೆಯಿಂದ ಇಳಕಲ್ ಸೀರೆ ತರುತ್ತಿದ್ದಳು. ನಾನು ಬಾಲ್ಕನಿಯಲ್ಲಿ ಹರವಿ, ಫೋಟೋ ತೆಗೆದು, ಒಂದು ಆ್ಯಪಿಗೆ ಏರಿಸುತ್ತಿದ್ದೆ. ಮೊದಮೊದಲು ಕೊಂಡವರೆಲ್ಲ ನಮ್ಮ ಕಡೆಯ ಹೆಂಗಸರೇ. ಆದರೂ ಅವ್ವ "ನನ್ನ ಅಂಗಡಿ" ಅನ್ನುವಾಗ ಆಕೆಯ ಕತ್ತು ಸ್ವಲ್ಪ ಉದ್ದವಾಗುತ್ತಿತ್ತು. ಬಳಗದವರ ಫೋನ್ ಬಂದರೆ ಅಪ್ಪ, "ತಡೀರಿ, ಮಾಲಕರು ಒಳಗ ಅದಾರ, ಕೊಡ್ತೀನಿ" ಅನ್ನುತ್ತಿದ್ದ.

ಒಂದು ಬೆಳಿಗ್ಗೆ ಆ್ಯಪ್ ತೆರೆದರೆ ಕೆಂಪು ಪಟ್ಟಿ. ಇದೇ ಊರಿನ ಇನ್ನೊಂದು ತುದಿಯ ಬಡಾವಣೆ ಮಣಿಕೊಂಡದ ಒಬ್ಬ ಗ್ರಾಹಕಿ ನಮ್ಮ ಸೀರೆ ನಕಲಿ ಎಂದು ದೂರು ಕೊಟ್ಟಿದ್ದರು. ಜೊತೆಗೆ ಎರಡು ಫೋಟೋ: ಒಂದರಲ್ಲಿ ಸೀರೆಯ ಮೂಲೆಯ ಹಳದಿ ಕಲೆ, ಇನ್ನೊಂದರಲ್ಲಿ ಹಸಿರು ಒಡಲಿಗೆ ಕೆಂಪು ಸೆರಗು ಸೇರುವ ಗೆರೆ. ಯಾರೋ ಉಟ್ಟುಬಿಟ್ಟ ಸೀರೆಗೆ ಬೇರೆ ಸೆರಗು ಜೋಡಿಸಿ ಇಳಕಲ್ ಎಂದು ಮಾರಿದ್ದಾರೆ ಎಂಬುದು ಅವರ ವಾದ. ವಿಚಾರಣೆ ಮುಗಿಯುವವರೆಗೆ ಅಂಗಡಿ ಬಂದ್. ನಮ್ಮ ಉತ್ತರ ಒಪ್ಪಿಗೆಯಾಗದಿದ್ದರೆ ಕಾಯಂ ಬಂದ್.

ನಾನು ಅದನ್ನು ಆ ಗ್ರಾಹಕಿಯ ದನಿ ಊಹಿಸಿಕೊಂಡು, ಮೂಗಿನಲ್ಲಿ ಓದಿ ಹೇಳಿದೆ. ಅವ್ವ ನಗಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಉಟ್ಟಿದ್ದಂತ? ಉಟ್ಟ ಸೀರಿ ಮಾರಾಕ ನನಗೇನ ಬ್ಯಾನಿ ಬಂದೈತಿ?"

"ಹಂಗಾರ ಹಳದಿ ಕಲಿ ಎಲ್ಲಿಂದ ಬಂತು?"

"ಕಲಿ ಅಲ್ಲಲೇ ಅದು. ಅರಿಷಿಣ. ಹೊಸಾ ಸೀರಿ ಬರೇ ಹಂಗ ಯಾರರ ಕೊಡತಾರೇನು?"

ನಾನು ಡಬ್ಬಿಗೆ ಟೇಪ್ ಹಚ್ಚುವ ಮೊದಲು ಆಕೆ ಪ್ರತಿ ಸೀರೆಯನ್ನೂ ದೇವರ ಮುಂದಿಟ್ಟು, ಮೂಲೆಗೆ ಅರಿಷಿಣದ ಬೆರಳು ಒತ್ತುತ್ತಿದ್ದಳಂತೆ. ಮನೆಮಗಳಿಗೆ ಉಡಿ ತುಂಬುವಾಗ ಹೇಗೋ, ಮುಖ ಕಾಣದ ಮಣಿಕೊಂಡದವರಿಗೂ ಹಾಗೆಯೇ. ಹಿಂದೆ ಕೊಂಡ ನಮ್ಮ ಕಡೆಯವರಿಗೆ ಅದೊಂದು ವಿಶೇಷ ಅನ್ನಿಸಿರಲಿಕ್ಕಿಲ್ಲ. ಯಾರೂ ತುಟಿ ಎರಡು ಮಾಡಿರಲಿಲ್ಲ.

ಉತ್ತರ ಬರೆಯಲು ಕೂತು ನಾನು ಮೊದಲು ವಕೀಲನಾದೆ. "ಸದರಿ ಆರೋಪವು ಸಂಪೂರ್ಣ ನಿರಾಧಾರವಾಗಿದ್ದು" ಎಂದು ಗಂಟಲು ದಪ್ಪ ಮಾಡಿ ಓದಿದೆ.

"ಇದ್ಯಾರು ಮಾತಾಡಾಕತ್ತಾರ?" ಅಂದಳು ಅವ್ವ.

"ನೀನಬೇ. ನಿನ್ನ ಅಂಗಡಿ ಅಲ್ಲೇನು?"

"ನಾ ಹಿಂಗ ಮಾತಾಡತೀನೇನು? ಆಕಿ ರೊಕ್ಕಾ ಕೊಟ್ಟಾಳ, ಮೋಸ ಹೋದೆ ಅಂತ ಸಂಕಟ ಪಡಾಕತ್ತಾಳ. ಆಕಿನ್ನ ಬೆದರಸ್ತೀಯಲ್ಲ."

ಆಮೇಲೆ ಕಸ್ಟಮರ್ ಕೇರ್ ಹುಡುಗಿಯಾದೆ. "ನಿಮ್ಮ ಬೇಸರವೇ ನಮ್ಮ ಬೇಸರ" ಎಂದು ಸಕ್ಕರೆ ಪಾಕ ಸುರಿದೆ. ಡ್ಯೂಟಿಗೆ ಹೊರಟಿದ್ದ ಅಪ್ಪ ಬೂಟಿನ ಲೇಸು ಕಟ್ಟುತ್ತ, "ಇದು ಲೋನ್ ಬೇಕೇನ್ರಿ ಅಂತ ಫೋನ್ ಮಾಡೋರ ದನಿ ಆತು" ಅಂದ. "ಈ ಮನಿಯಾಗ ನಕಲಿ ಮಾಲು ಅಂದ್ರ ಇವನೊಬ್ಬನ. ಇವನಿಗೆ ಗಿರಾಕಿನೂ ಇಲ್ಲ, ರಿಟರ್ನ್ ಮಾಡಾಕೂ ಬರೂದಿಲ್ಲ."

"ನಾ ಹೇಳಿದ್ದನ್ನ ನಾ ಹೇಳಿದಂಗ ಬರಿ" ಅಂದಳು ಅವ್ವ.

ಅವ್ವನ ದನಿಯನ್ನು ನಾನು ಮಾಡದ ಮದುವೆ ಮನೆ ಇಲ್ಲ. ಆಕೆ ಕುಕ್ಕರಿಗೆ ಬೈಯುವುದು, ಫೋನಿನಲ್ಲಿ ತನ್ನ ಅಕ್ಕಂದಿರ ಜೊತೆ ಪಿಸುಗುಟ್ಟುವುದು, ಎಲ್ಲದಕ್ಕೂ ಚಪ್ಪಾಳೆ ಬಿದ್ದಿವೆ. ಈ ಸಲ ಮಾತ್ರ ಯಾರನ್ನೂ ನಗಿಸಬೇಕಾಗಿರಲಿಲ್ಲ. ಬರೆದದ್ದು ಇಂಗ್ಲಿಷಿನಲ್ಲಾದರೂ ಮಾತು ಅವಳದ್ದೇ:

"ಅಕ್ಕಾ, ಸೀರೆ ಹೊಸದು. ಅರಿಷಿಣ ಹಚ್ಚಿದ್ದು ನಾನೇ, ಉಟ್ಟವರಿಗೆ ಒಳ್ಳೇದಾಗಲಿ ಅಂತ. ನಿಮ್ಮನ್ನು ಕೇಳದೆ ಹಚ್ಚಿದ್ದು ತಪ್ಪಾಯಿತು. ಸೆರಗು ಸೇರುವಲ್ಲಿ ತಿರುವಿ ನೋಡಿ, ಹೊಲಿಗೆ ಇರುವುದಿಲ್ಲ. ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಮಗ್ಗದ ಮೇಲೇ ಕೊಂಡಿ ಹಾಕಿ ನೇಯುತ್ತಾರೆ. ಇಳಕಲ್ ಸೀರೆಯ ಗುರುತೇ ಅದು. ಇಷ್ಟಾದರೂ ಮನಸ್ಸು ಒಪ್ಪದಿದ್ದರೆ ವಾಪಸ್ ಕಳಿಸಿ, ತಗೊಳ್ಳುತ್ತೇನೆ. ನಕಲಿ ಅಂತ ಮಾತ್ರ ಅನ್ನಬೇಡಿ."

ಜೊತೆಗೆ ನೇಕಾರರ ಬಿಲ್ಲು, ಇನ್ನೊಂದು ಸೀರೆಯ ಕೊಂಡಿಯನ್ನು ಹತ್ತಿರದಿಂದ ತೆಗೆದ ಫೋಟೋ, ಅವ್ವ ಅರಿಷಿಣ ಹಚ್ಚುವ ಒಂದು ವಿಡಿಯೋ. ಅದರಲ್ಲಿ ಆಕೆ ಆಧಾರ್ ಕಾರ್ಡಿನ ಫೋಟೋಗೆ ಕೂತವಳಂತೆ ಬಿಗಿದುಕೊಂಡು, "ಸುರು ಆತೇನಲೇ?" ಎಂದು ಕೇಳಿದ್ದೂ ಸೇರಿಕೊಂಡಿತ್ತು. ಕತ್ತರಿಸಲಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಎಲ್ಲಿಂದ ತರಲಿ?

ಮರುದಿನವೆಲ್ಲ ಸುದ್ದಿ ಇಲ್ಲ. ಅವ್ವ ಟ್ರಂಕಿನ ಕಡೆ ಹೋಗಲೇ ಇಲ್ಲ. ನನ್ನ ಫೋನಿಗೆ ಚಾರ್ಜ್ ಐತೋ ಇಲ್ಲೋ ಎಂದು ಮಾತ್ರ ಆಗಾಗ ವಿಚಾರಿಸಿದಳು. ಆ ದಿನ ನಾನು ಯಾರ ದನಿಯನ್ನೂ ಮಾಡಲಿಲ್ಲ. ನನಗೆ ಜ್ವರ ಬಂದಿದೆ ಎಂದುಕೊಂಡ ಅಪ್ಪ ಹಣೆ ಮುಟ್ಟಿ ನೋಡಿದ.

ಅದರ ಮರುದಿನ ಮಧ್ಯಾಹ್ನ ಗ್ರಾಹಕಿಯ ಉತ್ತರ ಬಂತು. ಅವರ ಮನೆಯಲ್ಲೂ ಹೊಸ ಬಟ್ಟೆಗೆ ಅರಿಷಿಣ ಹಚ್ಚುತ್ತಾರಂತೆ, ಆದರೆ ಉಡುವ ದಿನ, ಉಡುವವರೇ. ಅದಕ್ಕೇ ಅವರ ತಾಯಿ ಹಳದಿ ನೋಡಿದ ಕೂಡಲೇ, ಇದನ್ನು ಯಾರೋ ಆಗಲೇ ಉಟ್ಟಾಗಿದೆ ಎಂದು ತೀರ್ಮಾನಿಸಿದ್ದರು. ಈಗ ತಾಯಿ ಮಗಳು ಸೆರಗು ತಿರುವಿ ಕೊಂಡಿ ನೋಡಿದ್ದಾರೆ. ದೂರು ಹಿಂದಕ್ಕೆ ತೆಗೆದುಕೊಂಡಿದ್ದಾರೆ, ಸೀರೆ ಇಟ್ಟುಕೊಳ್ಳುತ್ತಾರೆ. ಕೊನೆಗೊಂದು ಸಾಲು: ನಾವು ನಾಲ್ಕೂ ಮೂಲೆಗೆ ಹಚ್ಚುತ್ತೇವೆ, ನಿಮ್ಮಲ್ಲಿ ಒಂದೇ ಮೂಲೆಗೇಕೆ ಎಂದು ಅಮ್ಮ ಕೇಳುತ್ತಿದ್ದಾರೆ.

ಅವ್ವ ಮಂಚದ ಮೇಲೆ ಕೂತು ನಾಲ್ಕು ಬೆರಳು ಮಡಚಿ ಎಣಿಸಿದಳು. "ನಾಕೂ ಮೂಲಿಗೆ ಹಚ್ಚೂದು ಚಲೋನ ಐತಿ. ಆದ್ರ ಅಷ್ಟು ಹಳದಿ ಕಂಡ್ರ ಆ ಆ್ಯಪಿನವರು ನನ್ನ ಜೇಲಿಗೇ ಹಾಕತಾರ."

ಸಂಜೆಗೆ ಅಂಗಡಿ ತೆರೆಯಿತು. ನಾನು ಹೊಸ ಕಾನೂನು ತಂದೆ: ಇನ್ನು ಮುಂದೆ ಸೀರೆಗೆ ಅರಿಷಿಣ ಇಲ್ಲ, ಪುಟ್ಟ ಪೊಟ್ಟಣದಲ್ಲಿ ಜೊತೆಗಿಡುವುದು, ಬೇಕಾದವರು ಹಚ್ಚಿಕೊಳ್ಳಲಿ. ಅವ್ವ ಎದುರು ಮಾತಾಡದೆ ಒಪ್ಪಿದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮುಂದಿನ ಆರ್ಡರಿನ ಡಬ್ಬಿಗೆ ಟೇಪ್ ಎಳೆಯುವಾಗ ನೋಡುತ್ತೇನೆ, ಮುಚ್ಚಳದ ಮೇಲೆ ಒಂದು ಮೂಲೆಯಲ್ಲಿ ಹಳದಿ ಬೆರಳಿನ ಗುರುತು.

"ಅವ್ವಾ."

"ಸೀರಿಗೆ ಹಚ್ಚಿಲ್ಲ" ಅಂದಳು ಒಳಗಿನಿಂದ. "ಡಬ್ಬಿನೂ ಹೊಸಾದ ಅಲ್ಲೇನು?"

ಟೇಪನ್ನು ಸ್ವಲ್ಪ ಓರೆಗೆ ಎಳೆದೆ, ಗುರುತು ಅಳಿಸದ ಹಾಗೆ.