ನಾನು ಪೇಶ್ವೆಯಾಗಿದ್ದ ದಿನಗಳು

ತೊಂಬತ್ತರ ದಶಕದಲ್ಲಿ ಮಹಿಳಾ ಮೀಸಲಾತಿ ಬಂದು, ಕವಲಂದೆ ಕಡೆಯ ನಮ್ಮ ಪಂಚಾಯ್ತಿಗೆ ನನ್ನ ಅತ್ತಿಗೆ ಅಧ್ಯಕ್ಷರಾದರು. ನನ್ನ ಓದು ಏಳನೇ ಕ್ಲಾಸಿಗೇ ನಿಂತಿತ್ತು. ಆದರೂ ನಂಜನಗೂಡಿನ ತಾಲ್ಲೂಕು ಆಫೀಸಿನಲ್ಲಿ ನನ್ನನ್ನು ಕಾಯಿಸುವ ಗುಮಾಸ್ತ ಇರಲಿಲ್ಲ. ಚರಂಡಿ, ಬೋರ್‌ವೆಲ್, ಬೀದಿದೀಪ, ಎಲ್ಲಕ್ಕೂ ನಾನೇ ಓಡಾಡಿದೆ. ತೋರಿಸಿದ ಕಡೆ ಅತ್ತಿಗೆ ಸಹಿ ಹಾಕುತ್ತಿದ್ದರು. ತಾಯಿಯಿಲ್ಲದ ನನ್ನನ್ನು ಸಾಕಿದವರು ಅವರು. ಅವರಿಗಾಗಿಯೇ ದುಡಿಯುತ್ತಿದ್ದೇನೆ ಎಂದು ತಿಳಿದಿದ್ದೆ.

ಟೀ ಅಂಗಡಿಯಲ್ಲಿ ಒಂದು ದಿನ ರಿಟೈರಾದ ಮೇಷ್ಟ್ರು, "ಬಾರಯ್ಯಾ ಪೇಶ್ವೆ" ಅಂದರು.

"ಅಂಗಂದ್ರೇನ್ ಸಾ?"

"ಮರಾಠಾ ರಾಜರ ಪ್ರಧಾನಮಂತ್ರಿ ಕಣಯ್ಯಾ. ಮೊದ್ಲು ರಾಜ ಹೇಳಿದ್ ಮಾಡೋನು. ಬರ್ತಾ ಬರ್ತಾ ದಂಡು, ಕಂದಾಯ ಎಲ್ಲಾ ಅವನ ಕೈಗೇ ಬಂತು. ಅಪ್ಪನಾದ್ಮೇಲೆ ಮಗ. ಪುಣೆಯಲ್ಲಿ ಕೂತು ಆಳಿದ್ರು."

ನನಗೆ ಎದೆಯುಬ್ಬಿತು. ರಾಜ ಏನಾದ ಎಂದು ಕೇಳಲೇ ಇಲ್ಲ.

ಆ ಆಗಸ್ಟ್ ಹದಿನೈದರಂದು ಅತ್ತಿಗೆ ಮದುವೆಯ ಸೀರೆ ಉಟ್ಟು ಬಂದಿದ್ದರು. "ಅಧ್ಯಕ್ಷರು ಬರಬೇಕು" ಎಂದು ಕಾರ್ಯದರ್ಶಿ ಕೂಗಿದಾಗ ಜನ ನನ್ನ ಕಡೆ ತಿರುಗಿದರು. ನಾನು ಹೋಗಿ ಬಾವುಟದ ಹಗ್ಗ ಎಳೆದೆ. ತಿರುಗಿ ನೋಡಿದರೆ ಅತ್ತಿಗೆ ಎರಡು ಹೆಜ್ಜೆ ಮುಂದೆ ಬಂದು ನಿಂತಿದ್ದರು.

ಮನೆಯಲ್ಲಿ, "ಅಗ್ಗ ಎಳಿಯೋಕೂ ಓಡಾಡಿರ್ಬೇಕೇನಪ್ಪಾ?" ಅಂದರು, ಅಷ್ಟೇ. ಹಿಂದಿನ ದಿನ ಕೊಟ್ಟಿಗೆಯಲ್ಲಿ ಹಸುವಿನ ಹಗ್ಗಕ್ಕೆ ಕುಣಿಕೆ ಹಾಕಿ, ಎಳೆದೂ ಎಳೆದೂ ನೋಡಿದ್ದರಂತೆ. ಅಣ್ಣ ಹೇಳಿದ.

ಮಾರನೆಯ ದಿನ ಮೇಷ್ಟ್ರನ್ನು ಕೇಳಿದೆ: "ಆ ರಾಜ ಏನ್ಮಾಡ್ತಿದ್ದ ಸಾ?"

"ಸತಾರಾ ಕೋಟೇಲಿ ಇದ್ದ. ಹೊಸ ಪೇಶ್ವೆಗೆ ಅಧಿಕಾರದ ಉಡುಪನ್ನ ಮಾತ್ರ ಅವನೇ ಕೊಡ್ಬೇಕಿತ್ತು. ಕೊಡ್ತಿದ್ದ."

ನನ್ನ ಟೀ ಲೋಟದಲ್ಲೇ ಆರಿತು.

ಗಣರಾಜ್ಯೋತ್ಸವದ ಬೆಳಿಗ್ಗೆ ಅತ್ತಿಗೆಯನ್ನು ಕರೆಯಲು ಹೋದೆ. ರಾಗಿ ಕೇರುತ್ತಿದ್ದವರು ಮೊರ ಕೆಳಗಿಡಲಿಲ್ಲ.

"ಎದ್ದೇಳತ್ಗೆ, ಇವತ್ತು ಬಾವುಟ ನೀವೇ ಆರಿಸ್ಬೇಕು."

"ನೀನೇ ಎಳಿ ಓಗಪ್ಪ. ನಿಂಗ್ ರೂಢಿ ಅದೆ."

ಕಾಲು ಹಿಡಿದೆ. ಸಿಟ್ಟಿಲ್ಲದೆ ನನ್ನ ಕೈ ಬಿಡಿಸಿದರು. ಮಕ್ಕಳು ಬಿಸಿಲಲ್ಲಿ ನಿಂತಿದ್ದಾರೆಂದು ಜವಾನ ಬಂದು ಕರೆದ. ಹೋಗಿ ಎಳೆದೆ. ಹೂವೆಲ್ಲ ನನ್ನ ತಲೆಯ ಮೇಲೆ ಬಿತ್ತು.

ಆಮೇಲೆ ಅತ್ತಿಗೆ ಪಂಚಾಯ್ತಿ ಕಟ್ಟಡಕ್ಕೆ ಕಾಲಿಡಲಿಲ್ಲ. ಸಹಿಗೆ ಪುಸ್ತಕವನ್ನು ಮನೆಗೇ ಒಯ್ಯುತ್ತಿದ್ದೆ, ಓದಿ ಹೇಳುತ್ತಿದ್ದೆ. "ಎಲ್ಲಿ ಆಕ್ಬೇಕು ತೋರ್ಸು" ಎನ್ನುತ್ತಿದ್ದರು. ಎರಡು ಸಾವಿರದ ಇಸವಿ ದಾಟಿದ ಮೇಲೆ ತೀರಿಕೊಂಡರು. ಅಧ್ಯಕ್ಷರಾಗಿದ್ದವರು, ಒಂದು ಸಲವೂ ಬಾವುಟ ಹಾರಿಸದೆ.